ಅಕ್ಕನ ಮನೆಗಾಡಿ

ತಾರ್ಪಾಲಿನ ಒಂದು ಮೂಲೆಯನ್ನು ಬಂಪರಿಗೆ ಕಟ್ಟಿ ಮುಗಿಸುವಷ್ಟರಲ್ಲಿ ಇನ್ನೊಂದು ಮೂಲೆ ಗಾಳಿಗೆ ಎದ್ದು ತಮ್ಮನ ಮುಖಕ್ಕೇ ಬಡಿಯಿತು. ಅವನು ಹಲ್ಲು ಕಚ್ಚಿ ಅದನ್ನು ಕೆಳಗೆಳೆದ. ಹೆಂಡತಿ ಹಿತ್ತಲಿನಿಂದ ಇಟ್ಟಿಗೆ ತಂದು ತಂದು ಅಂಚಿನ ಮೇಲೆ ಇಡುತ್ತಿದ್ದಳು. ಒಳಗೆ ನಡುಮನೆಯಲ್ಲಿ ಅವನ ಅಕ್ಕನ ದೇಹ ಮಲಗಿತ್ತು. ಜನ ಬರುವುದರೊಳಗೆ ಅಂಗಳದ ಈ ಗಾಡಿ ಯಾರ ಕಣ್ಣಿಗೂ ಬೀಳದಂತಾಗಬೇಕು, ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಅದು ಮುಚ್ಚಿಟ್ಟರೆ ಮುಚ್ಚಿಕೊಳ್ಳುವ ವಸ್ತುವಾಗಿರಲಿಲ್ಲ. ಹಳೆಯ ಕಾಲದ ದುಂಡು ಮೂತಿಯ ವ್ಯಾನು. ಒಳಗೆ ಮಡಚುವ ಮಂಚ, ಒಲೆ, ಪಾತ್ರೆ ತೊಳೆಯುವ ಪುಟ್ಟ ತೊಟ್ಟಿ. ಬೀದಿಯವರೆಲ್ಲ ಅದನ್ನು ಮನೆಗಾಡಿ ಎನ್ನುತ್ತಿದ್ದರು. ಮುಂದಿನ ಅರ್ಧಕ್ಕೆ ಹೊಸ ಹಳದಿ ಬಣ್ಣ ಬಂದಿತ್ತು, ಹಿಂದಿನ ಅರ್ಧ ಇನ್ನೂ ಬೂದು ಪ್ರೈಮರ್‌ನಲ್ಲಿತ್ತು.

"ಬಿಡಣ್ಣ, ಸಾಕು."

ಬಾಗಿಲಲ್ಲಿ ತಂಗಿ ನಿಂತಿದ್ದಳು. ಮೂವರಲ್ಲಿ ಕಿರಿಯವಳು. ಹತ್ತಿರದ ಬೀದಿಯಲ್ಲೇ ಬಾಡಿಗೆಯ ಕೋಣೆಯೊಂದರಲ್ಲಿ ಒಬ್ಬಳೇ ಇದ್ದು ಶಾಲೆಯ ಸಮವಸ್ತ್ರ ಹೊಲಿಯುವವಳು. ಅಣ್ಣ ಕೂರು ಎಂದರೆ ಕೂತು, ಏಳು ಎಂದರೆ ಎದ್ದೇ ಅವಳಿಗೆ ತಲೆ ನರೆತಿತ್ತು.

"ಏನು ಸಾಕು?"

"ಹೆಣಕ್ಕೆ ಹೊದಿಸಿದ ಹಾಗಿದೆ. ಒಳಗೊಂದು ಮಲಗಿದೆಯಲ್ಲ, ಸಾಲ್ದಾ?"

"ಜನ ಬರ್ತಾರೆ ಕಣೇ."

"ಬರ್ಲಿ. ಈ ಗಾಡಿ ನೋಡದವರು ಈ ಬೀದೀಲಿ ಯಾರಿದ್ದಾರೆ?"

ಅವನು ಹಗ್ಗದ ಗಂಟು ಬಿಗಿದ.

ಇಟ್ಟಿಗೆ ಇಟ್ಟು ಮುಗಿಸಿ ಒಳಗೆ ಬಂದ ಅತ್ತಿಗೆ ಸೋಪಿನ ನೀರು, ಬ್ರಷ್ಷು ಹಿಡಿದು ಅಕ್ಕನ ಪಕ್ಕ ಕೂತಳು. ಅಕ್ಕನ ಬೆರಳುಗಳಲ್ಲಿ ಗ್ರೀಸು ಕಪ್ಪಾಗಿ ಕೂತಿತ್ತು. ಅತ್ತಿಗೆ ಉಜ್ಜಿದಳು, ಒರೆಸಿದಳು, ಮತ್ತೆ ಉಜ್ಜಿದಳು.

"ಹೋಗ್ತಾನೇ ಇಲ್ಲ ನೋಡು. ಹೆಂಗಸಿನ ಕೈಯಾ ಇದು?"

"ಅಲ್ವಾ ಮತ್ತೆ?" ತಂಗಿ ಬ್ರಷ್ಷನ್ನು ಅವಳ ಕೈಯಿಂದ ಬಿಡಿಸಿಕೊಂಡಳು. "ಆಸ್ಪತ್ರೆಯ ಬ್ಲೀಚಿಂಗ್ ನೀರಲ್ಲಿ ನೆನೆದು ನೆನೆದು ಈ ಕೈ ಸುಣ್ಣದ ಹಾಗೆ ಬೆಳ್ಳಗಾಗಿತ್ತು ಅತ್ತಿಗೆ. ಆಗ ಯಾರೂ ಏನೂ ಅನ್ನಲಿಲ್ಲ. ಹೀಗೇ ಹೋಗ್ಲಿ ಬಿಡಿ."

*

ಅಕ್ಕ ಆಸ್ಪತ್ರೆಯ ಲಾಂಡ್ರಿಯಿಂದ ನಿವೃತ್ತಳಾದ ವಾರವೇ ಆ ಗಾಡಿ ಮನೆಗೆ ಬಂದದ್ದು. ಆಸ್ಪತ್ರೆಯ ಹಿಂದಿನ ಬಯಲಿನಲ್ಲಿ ಯಾರೋ ಬಿಟ್ಟುಹೋಗಿ, ಬಳ್ಳಿ ಹಬ್ಬಿ, ನಾಯಿ ಮರಿ ಹಾಕಿದ್ದ ಗಾಡಿ. ಲಾರಿಗೆ ಕಟ್ಟಿ ಎಳೆಸಿಕೊಂಡು, ತಾನೇ ಸ್ಟೇರಿಂಗ್ ಹಿಡಿದು, ಅವಳು ಮಹಾರಾಣಿಯ ಹಾಗೆ ಗೇಟಿನೊಳಗೆ ಬಂದಿದ್ದಳು.

ತಮ್ಮನಿಗೆ ಪೇಟೆಯಲ್ಲಿ ಫರ್ನಿಚರ್ ಅಂಗಡಿಯಿತ್ತು. ಮನೆಯ ಮುಂಭಾಗವೂ ಅಂಗಡಿಯ ಶೋರೂಮಿನಷ್ಟೇ ಒಪ್ಪವಾಗಿರಬೇಕು ಎನ್ನುವ ಮನುಷ್ಯ.

"ಇದು ಮನೆ ಅಕ್ಕಾ, ಗುಜರಿ ಅಲ್ಲ!"

ಲಾಂಡ್ರಿಯ ಯಂತ್ರಗಳ ಸದ್ದಿಗೆ ಅಕ್ಕನ ಕಿವಿ ಅರ್ಧ ಹೋಗಿತ್ತು. ಯಾವ ಅರ್ಧ ಎನ್ನುವುದನ್ನು ಅವಳು ಆಯಾ ಸಮಯಕ್ಕೆ ತಕ್ಕಂತೆ ತೀರ್ಮಾನಿಸುತ್ತಿದ್ದಳು.

"ಏನಂದೆ?"

"ಗುಜರಿ ಅಂದೆ!"

"ಹೂಂ, ಅಡಿಯ ಚೌಕಟ್ಟು ಗಟ್ಟಿ ಇದೆ. ವೆಲ್ಡರೂ ಅದನ್ನೇ ಅಂದ."

"ಜನ ಏನಂತಾರೆ?"

"ಅವರು ಅಂದದ್ದು ನಂಗೆಲ್ಲಿ ಕೇಳಿಸುತ್ತೆ?" ಎಂದು ಅಕ್ಕ ಬಾನೆಟ್ಟು ಎತ್ತಿದಳು. ಅದು ಕೀಲಿನಿಂದ ಕಳಚಿ ಅವಳ ಕೈಗೇ ಬಂತು. ಅದನ್ನು ಗೋಡೆಗೆ ಒರಗಿಸಿಟ್ಟು, "ಇದರಿಂದಲೇ ಶುರು ಮಾಡೋಣ," ಎಂದಳು.

ತಾಯಿ ಹೋದ ಮೇಲೆ ತಮ್ಮನನ್ನೂ ತಂಗಿಯನ್ನೂ ಸೊಂಟದ ಮೇಲೆ ಎತ್ತಿ ಬೆಳೆಸಿದವಳು ಅವಳು. ಅವರ ಮದುವೆ ಮಾಡಿದಳು, ತನ್ನದನ್ನು ಮರೆತಳು. ಅವಳ ಎದುರು ತಮ್ಮನ ದನಿ ಒಂದು ಮಟ್ಟಕ್ಕಿಂತ ಮೇಲೇರುತ್ತಿರಲಿಲ್ಲ. ಗಾಡಿ ಅಂಗಳದಲ್ಲೇ ಉಳಿಯಿತು.

*

ನಡುಮನೆ ತುಂಬಿತು. ಬಂದವರಿಗೆಲ್ಲ ತಮ್ಮ ಒಂದೇ ಮಾತು ಹೇಳುತ್ತಿದ್ದ: "ಮಲಗಿದ್ದಲ್ಲೇ ಹೋಗಿಬಿಟ್ಟಳು. ಹಾಸಿಗೆಯಲ್ಲಿ. ಏನೂ ನರಳಲಿಲ್ಲ."

"ಪುಣ್ಯವಂತೆ," ಎಂದರು ಜನ.

ಲಾಂಡ್ರಿಯ ಹೆಂಗಸರು ಒಟ್ಟಾಗಿ ಬಂದು ಗೋಡೆಯುದ್ದಕ್ಕೂ ನಿಂತಿದ್ದರು. ಅವರಲ್ಲೊಬ್ಬಳ ಗುಟ್ಟಿನ ಮಾತೂ ಬೀದಿಯ ತುದಿಗೆ ಕೇಳಿಸುವಂಥದ್ದು. ಎಲ್ಲರೂ ಅವಳನ್ನು ಮೈಕಕ್ಕ ಎಂದೇ ಕರೆಯುತ್ತಿದ್ದರು. ಅವಳು ಪಕ್ಕದವಳ ಕಿವಿಗೆ, "ಹಾಸಿಗೆಯಲ್ಲಾ? ಹಗಲು ಹೊತ್ತು ಅವಳು ಹಾಸಿಗೆಯಲ್ಲಿ ಇದ್ದದ್ದು ಯಾವಾಗಮ್ಮ?" ಎಂದಳು. ಇಡೀ ಕೋಣೆಗೆ ಕೇಳಿಸಿತು.

ತಂಗಿ ಅಕ್ಕನ ತಲೆಯ ಹತ್ತಿರದಿಂದ ಎದ್ದಳು.

"ಹಾಸಿಗೆಯಲ್ಲಿ ಅಲ್ಲ. ಗಾಡಿ ಕೆಳಗೆ."

"ಸುಮ್ನಿರು," ಎಂದ ತಮ್ಮ.

"ಗಾಡಿ ಕೆಳಗೆ ಮಲಗಿ ಬ್ರೇಕಿನ ಪೈಪು ಬಿಚ್ಚುತ್ತಾ ಇದ್ದಳು. ಕೈಯಲ್ಲಿ ಸ್ಪ್ಯಾನರ್ ಇತ್ತು. ಗಾಡಿ ಅವಳ ಮೇಲೆ ಬೀಳಲಿಲ್ಲ, ಏನೂ ಮಾಡಲಿಲ್ಲ. ಹೃದಯ ನಿಂತುಹೋಯ್ತು, ಅಷ್ಟೇ. ಇದರಲ್ಲಿ ಮುಚ್ಚಿಡೋದು ಏನಿದೆ?"

ಬಾಗಿಲ ಬಳಿ ನಿಂತಿದ್ದ ವೆಲ್ಡರ್ ಎರಡೂ ಕೈಯಿಂದ ಮುಖ ಒರೆಸಿಕೊಂಡ.

*

ಅಕ್ಕನಿಗೆ ಬೆಂಕಿಯ ಕೆಲಸ ಕಲಿಸಿದ್ದು ಆ ವೆಲ್ಡರೇ. ಬೀದಿಯ ಕೆಳತುದಿಯಲ್ಲಿ ಅವನ ಶೆಡ್ಡು. ಮೊದಲ ತಿಂಗಳು ಅವಳು ತಗಡಿಗಿಂತ ಹೆಚ್ಚಾಗಿ ತನ್ನ ತೋಳನ್ನೇ ಸುಟ್ಟುಕೊಂಡಳು. ಆಮೇಲೆ ಕೈ ಕೂತಿತು. ಕೊಳೆತ ತಳವನ್ನು ತುಂಡು ತುಂಡಾಗಿ ಕತ್ತರಿಸಿ, ಹೊಸ ತಗಡು ಬೆಸೆದಳು.

ಆದರೆ ಎಲ್ಲಕ್ಕಿಂತ ಮೊದಲು ಅವಳು ಸರಿಮಾಡಿದ್ದು ಕಿಟಕಿಗಳನ್ನು. ವೆಲ್ಡರ್ ನಕ್ಕುಬಿಟ್ಟಿದ್ದ. "ಇಂಜಿನ್ನೇ ಇಲ್ಲ, ಕಿಟಕಿಗೆ ಏನಮ್ಮ ಅರ್ಜೆಂಟು? ಗಾಡಿ ಓಡಬೇಡ್ವಾ?"

"ಓಡೋದು ಯಾವಾಗಲೋ. ನೋಡೋದು ಇವತ್ತೇ ಆಗುತ್ತಲ್ಲ."

ಲಾಂಡ್ರಿ ಇದ್ದದ್ದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ. ಅಲ್ಲಿ ಗೋಡೆ, ಹಬೆ, ಹಾಳೆಯ ಹಾಗೆ ಬೆಳ್ಳಗಿನ ದೀಪ. ಹೊರಗೆ ಮಳೆಯೋ ಬಿಸಿಲೋ ಎಂದು ತಿಳಿಯಬೇಕಾದರೆ ಮೇಲಿನಿಂದ ಬಂದವರ ಚಪ್ಪಲಿ ನೋಡಬೇಕಿತ್ತು. ಈಗ ಅಕ್ಕ ಓಡದ ಗಾಡಿಯೊಳಗೆ ತಟ್ಟೆ ಹಿಡಿದು ಕೂತು, ಸುತ್ತಲಿನ ಕಿಟಕಿಗಳಲ್ಲಿ ಪಕ್ಕದ ಮನೆಯ ಬೆಕ್ಕನ್ನೂ, ಅಂಚೆಯವನನ್ನೂ, ಒಣಹಾಕಿದ ಬಟ್ಟೆಯನ್ನೂ ಸಿನಿಮಾ ನೋಡುವವಳ ಹಾಗೆ ನೋಡುತ್ತ ಊಟ ಮಾಡುತ್ತಿದ್ದಳು.

ಒಂದು ಮಧ್ಯಾಹ್ನ ತಂಗಿಯನ್ನೂ ಹತ್ತಿಸಿಕೊಂಡಿದ್ದಳು. "ಇದು ರೆಡಿಯಾದ ದಿನ ಹೊರಟೆ. ನೀನೂ ಬಾ."

"ಎಲ್ಲಿಗೆ?"

"ರಸ್ತೆ ಇರೋ ಕಡೆಗೆ."

"ನನ್ನ ಯಾರು ಬಿಡ್ತಾರೆ ಅಕ್ಕಾ?"

ಅಕ್ಕ ಬಾಯಲ್ಲಿದ್ದ ತುತ್ತು ನುಂಗಿ ತಂಗಿಯನ್ನೇ ನೋಡಿದಳು. ತಂಗಿಯ ಗಂಡ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ. "ಬಿಡೋದಕ್ಕೆ ನಿನ್ನನ್ನ ಹಿಡ್ಕೊಂಡಿರೋರು ಯಾರೇ?"

ಕೋಣೆಗೆ ಮರಳಿ ಹೊಲಿಗೆ ಯಂತ್ರದ ಮುಂದೆ ಕೂತ ತಂಗಿ ಒಬ್ಬೊಬ್ಬರನ್ನೇ ಲೆಕ್ಕ ಹಾಕಿದಳು. ನಿಜವಾಗಿ ಯಾರೂ ಇರಲಿಲ್ಲ.

ಹೃದಯ ದುರ್ಬಲವಾಗಿದೆ, ಬಗ್ಗಬಾರದು, ಭಾರ ಎತ್ತಬಾರದು, ನಿಂತು ದುಡಿಯಬಾರದು ಎಂದು ಡಾಕ್ಟರು ಹೇಳಿದಾಗಲೂ ತಂಗಿ ಜೊತೆಗಿದ್ದಳು. ಅಕ್ಕ ಎಲ್ಲವನ್ನೂ ಆ ಹೊತ್ತು ಕೇಳಿಸುವ ಕಿವಿಯಿಂದಲೇ ಕೇಳಿಸಿಕೊಂಡಳು.

"ಹಾಗಾದ್ರೆ ಇನ್ಮೇಲೆ ಮಲಗಿಕೊಂಡು ಮಾಡೋ ಕೆಲಸ ಮಾತ್ರ ಮಾಡ್ತೀನಿ ಡಾಕ್ಟ್ರೇ," ಎಂದು ಮನೆಗೆ ಬಂದವಳೇ ಗಾಡಿಯಡಿ ಚಾಪೆ ಹಾಸಿದಳು.

*

ಮಣ್ಣು ಮುಗಿಸಿ ಬಂದವರು ಅಂಗಳದಲ್ಲಿ ಕಾಫಿ ಕುಡಿಯುತ್ತಿದ್ದಾಗ ಗೇಟಿನ ಮುಂದೆ ಲಾರಿ ನಿಂತಿತು. ಗುಜರಿಯವನು ಇಳಿದು, ಜನರನ್ನು ನೋಡಿ ತಬ್ಬಿಬ್ಬಾದ.

"ಸಾವಿನ ಮನೆ ಅಂತ ಗೊತ್ತಿರಲಿಲ್ಲ ಸ್ವಾಮಿ. ಇವತ್ತೇ ಬನ್ನಿ ಅಂದ್ರಿ..."

"ಇವತ್ತೇ," ಎಂದ ತಮ್ಮ. "ಅಲ್ಲಿದೆ. ತಗೊಂಡು ಹೋಗಿ."

ತಂಗಿ ಕೈಯಲ್ಲಿದ್ದ ಲೋಟವನ್ನು ಕಟ್ಟೆಯ ಮೇಲಿಟ್ಟಳು. ಗಾಡಿಯ ಹತ್ತಿರ ಹೋಗಿ ಇಟ್ಟಿಗೆಗಳನ್ನು ಕಾಲಿನಿಂದ ತಳ್ಳಿದಳು. ಹಗ್ಗದ ಗಂಟು ಬಿಚ್ಚಲಾಗದೆ ಒಮ್ಮೆಲೇ ತಾರ್ಪಾಲನ್ನು ಜಗ್ಗಿದಳು. ಅದು ಹರಿದುಕೊಂಡು ಕೆಳಗೆ ಬಿತ್ತು.

"ಅಕ್ಕನ ಗಾಡಿ ಇದು. ಅಕ್ಕ ಹೋದಮೇಲೆ ನಂದು. ಕೊಡಲ್ಲ."

"ಇಡೋದಕ್ಕೆ ನಿಂಗೆ ಒಂದು ಗೇಣು ಜಾಗ ಇಲ್ಲ! ಅಂಗಳ ನಂದು."

"ಅಂಗಳ ನಿಂದೇ, ಇಟ್ಕೋ. ಗಾಡಿ ತೆಗೀತೀನಿ. ಈಗಲೇ."

ತಮ್ಮನ ಮುಖ ಕೆಂಪಾಯಿತು. ದನಿ ಮಾತ್ರ ಒಡೆಯಿತು. "ಎಳೆದು ತೆಗೆದವನು ನಾನು ಕಣೇ. ಕಾಲು ಹಿಡಿದು. ಊಟಕ್ಕೆ ಕರೆಯೋಕೆ ಬಂದಿದ್ದೆ. ಕೇಳಿಸ್ತಿಲ್ಲವೇನೋ ಅಂತ ಕರೀತಾನೇ ಇದ್ದೆ, ಜೋರಾಗಿ, ಇನ್ನೂ ಜೋರಾಗಿ... ದಿನಾ ಬೆಳಿಗ್ಗೆ ಬಾಗಿಲು ತೆಗೆದರೆ ಇದನ್ನೇ ನೋಡ್ಬೇಕಾ ನಾನು?"

ತಂಗಿ ಅವನ ಹತ್ತಿರ ಬಂದು ತೋಳು ಹಿಡಿದಳು. "ನೀನು ನೋಡಬೇಡಣ್ಣ. ಅದಕ್ಕೇ ತಗೊಂಡು ಹೋಗ್ತೀನಿ. ಆದ್ರೆ ಮುರಿಯೋದಕ್ಕೆ ಕೊಡಲ್ಲ."

ವೆಲ್ಡರ್ ಆಗಲೇ ಗಾಡಿಯಡಿ ಬಗ್ಗಿ ನೋಡುತ್ತಿದ್ದ. "ನನ್ನ ಶೆಡ್ಡಲ್ಲಿ ಜಾಗ ಇದೆ. ಚಕ್ರ ಇದೆ, ಸ್ಟೇರಿಂಗ್ ಇದೆ. ಆದ್ರೆ ಬ್ರೇಕ್ ಪೂರ್ತಿ ಬಿಚ್ಚಿಟ್ಟಿದ್ದಾಳೆ ಮಹಾತಾಯಿ. ಬೀದಿ ನೋಡಿದ್ರೆ ಇಳಿಜಾರು."

"ಬ್ರೇಕ್ ಇಲ್ಲ ಅಂದ್ರೆ ನಾವಿಲ್ವೇನಯ್ಯ?" ಎಂದಳು ಮೈಕಕ್ಕ. ಎದುರು ಸಾಲಿನ ಮನೆಗಳ ಕಿಟಕಿಗಳು ತೆರೆದವು. "ನೆನೆದ ಹೊದಿಕೆ ಎಳೆದ ಕೈ ಇದು. ಹಗ್ಗ ತಾ."

ಹಗ್ಗ ಕೊಟ್ಟವನು ಗುಜರಿಯವನು. ತನ್ನ ಲಾರಿಯ ದಪ್ಪ ಹಗ್ಗವನ್ನು ತಾನೇ ಗಾಡಿಯ ಹಿಂದಕ್ಕೆ ಬಿಗಿದು, ಲಾರಿಯನ್ನು ಪಕ್ಕಕ್ಕೆ ಸರಿಸಿದ.

ತಂಗಿ ಸ್ಟೇರಿಂಗ್ ಮುಂದೆ ಹತ್ತಿ ಕೂತಳು. ಅವಳು ಯಾವ ಗಾಡಿಯನ್ನೂ ನಡೆಸಿದವಳಲ್ಲ. "ಗೋಡೆ ಕಡೆ ಹೋದ್ರೆ ಈ ಕಡೆ ತಿರುಗಿಸಿ, ಚರಂಡಿ ಕಡೆ ಹೋದ್ರೆ ಆ ಕಡೆ ತಿರುಗಿಸಿ. ಅಷ್ಟೇ ವಿದ್ಯೆ," ಎಂದು ವೆಲ್ಡರ್ ಪಕ್ಕದಲ್ಲಿ ನಡೆದ. ಹೆಂಗಸರು ಭುಜ ಕೊಟ್ಟರು. ಗಾಡಿ ಒಮ್ಮೆ ನರಳಿ, ನಿಂತ ನೆಲದಿಂದ ಕಿತ್ತುಕೊಂಡು, ಗೇಟು ದಾಟಿತು. ಬೀದಿಗೆ ಮೂತಿ ಹಾಕಿದ್ದೇ ತಡ, ತಳ್ಳುವ ಕೆಲಸ ಮುಗಿದು ತಡೆಯುವ ಕೆಲಸ ಶುರುವಾಯಿತು. ಎಲ್ಲರೂ ಹಿಂದಕ್ಕೆ ಓಡಿ ಹಗ್ಗಕ್ಕೆ ಜೋತುಬಿದ್ದರು.

"ಎಳೀರೇ! ಓಡ್ತಾ ಇದೆ, ಎಳೀರೇ!"

ತಮ್ಮ ಗೇಟಿನಲ್ಲಿ ನಿಂತು ನೋಡುತ್ತಿದ್ದ. ಗಾಡಿ ತನ್ನ ಭಾರಕ್ಕೆ ತಾನೇ ಉರುಳತೊಡಗಿತ್ತು. ಹಗ್ಗ ಹಿಡಿದವರ ಕಾಲುಗಳು ಟಾರಿನ ಮೇಲೆ ಜಾರುತ್ತಿದ್ದವು. ಒಬ್ಬಳು ಮುಗ್ಗರಿಸಿದಳು, ಹಗ್ಗ ಒಮ್ಮೆಗೇ ಒಂದು ಮೊಳ ಮುಂದೆ ಹೋಯಿತು. ಒಳಗಿನಿಂದ ತಂಗಿ ಕೂಗಿದಳು. ಅದು ಹೆದರಿಕೆಯ ಕೂಗೋ ಇನ್ನೇನೋ, ಯಾರಿಗೂ ತಿಳಿಯಲಿಲ್ಲ.

ತಮ್ಮ ಓಡಿದ. ಒಂದು ಚಪ್ಪಲಿ ಗೇಟಿನಲ್ಲೇ ಉಳಿಯಿತು. ನೆಲದ ಮೇಲೆ ಎಳೆದುಕೊಂಡು ಹೋಗುತ್ತಿದ್ದ ಹಗ್ಗದ ಕೊನೆಯನ್ನು ಎರಡೂ ಕೈಯಿಂದ ಹಿಡಿದು ಸೊಂಟಕ್ಕೆ ಸುತ್ತಿಕೊಂಡು, ಹಿಂದಕ್ಕೆ ಒರಗಿ ನಿಂತ. ಅವನ ಬರಿಗಾಲಿನ ಹಿಮ್ಮಡಿ ಟಾರನ್ನು ಉಜ್ಜುತ್ತ, ಉಜ್ಜುತ್ತ, ಗಾಡಿಯ ಹಿಂದೆ ಬೀದಿ ಇಳಿಯತೊಡಗಿತು.