ಕುಡಿ ಬಿಡುವವರ ಸಭೆ

ನನ್ನ ತಮ್ಮ ಕ್ಷೌರಿಕ. ಕೈ ನಡುಗುವ ಕ್ಷೌರಿಕನ ಮುಂದೆ ಕುತ್ತಿಗೆ ಒಡ್ಡುವ ಗಂಡಸು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಅವನು ಕುಡಿದು ಕುಡಿದು ಅಂಗಡಿಯ ಕುರ್ಚಿ ಖಾಲಿಯಾಯಿತು, ಹೆಂಡತಿ ತವರಿಗೆ ಹೋದಳು, ಅವನು ನನ್ನ ಮನೆಗೆ ಬಂದು ಹೊಲಿಗೆ ಯಂತ್ರದ ಪಕ್ಕದ ಮೂಲೆ ಹಿಡಿದ. ನಾನು ಬೈದೆ. ಅತ್ತೂ ನೋಡಿದೆ. ಮತ್ತೆ ಬೈದೆ. ಬೈಯುವುದರಲ್ಲಿ ನನ್ನ ಬಾಯಿ ಚೆನ್ನಾಗಿ ಪಳಗಿದೆ. ಕೊನೆಗೆ ಒಂದು ಭಾನುವಾರ ಅವನೇ ಮಾತು ತೆಗೆದ.

"ಅಕ್ಕ, ಕುಡಿಯೋದು ಬಿಡೋರೆಲ್ಲ ಒಂದ್ಕಡೆ ಸೇರ್ತಾರಂತಲ್ಲ, ಅಲ್ಲಿಗೆ ಬರ್ತೀನಿ. ಆದ್ರೆ ಒಂದೇ ಬಾಗಿಲು. ಒಂದು ಬಾಗಿಲು ದಾಟೋಷ್ಟು ಧೈರ್ಯ ಮಾತ್ರ ಇದೆ. ಆಗ್ಲಿಲ್ಲ ಅಂದ್ರೆ ಇನ್ಯಾವತ್ತೂ ಕರೀಬೇಡ."

ಯಂತ್ರದಲ್ಲಿದ್ದ ಅಂಗಿಯನ್ನು ಒಂದೇ ತೋಳಿನಲ್ಲಿ ಬಿಟ್ಟು ಎದ್ದೆ. ತಡಮಾಡಿದರೆ ಮನಸ್ಸು ಬದಲಾಯಿಸುವ ಜಾತಿ ಅವನು.

ಸಭೆ ಹತ್ತಿರದ ಶಾಲೆಯಲ್ಲಿ ಎಂದಷ್ಟೇ ಗೊತ್ತಿತ್ತು, ಯಾವ ಕೋಣೆ ಎಂದು ಗೊತ್ತಿರಲಿಲ್ಲ. ಗೇಟಿನ ಕಾವಲುಗಾರ ಕುರ್ಚಿಯಲ್ಲೇ ತೂಕಡಿಸುತ್ತಿದ್ದ. "ಕೇಳೋ" ಎಂದು ತಮ್ಮನ ಬೆನ್ನಿಗೆ ತಿವಿದೆ. ಅವನಿಗೋ ನಾಚಿಕೆ. ಅರ್ಧ ಮಾತನ್ನು ಅಲ್ಲೇ ನುಂಗಿಕೊಂಡ.

"ಇಲ್ಲಿ ಕುಡಿ... ಬಿಡೋ... ಸಭೆ..."

"ಕುಡಿ ಬಿಡೋದಾ? ಮೇಲೆ, ಎಡಗಡೆ ಮೊದಲನೇ ಕೋಣೆ," ಎಂದ ಕಾವಲುಗಾರ, ಕಣ್ಣನ್ನೂ ತೆರೆಯದೆ.

ತಮ್ಮ ಆ ಬಾಗಿಲನ್ನು ಕಣ್ಣು ಮುಚ್ಚಿಕೊಂಡೇ ದಾಟಿದ. ಒಳಗೆ ಮಕ್ಕಳ ಗಿಡ್ಡ ಬೆಂಚುಗಳ ಮೇಲೆ ದೊಡ್ಡವರು ಮೊಣಕಾಲು ಗದ್ದಕ್ಕೆ ತಾಗುವ ಹಾಗೆ ಕುಳಿತಿದ್ದರು. ಕಿಟಕಿಯಲ್ಲಿ ಸಾಲು ಹೂಕುಂಡಗಳು. ಶಾಲೆ ಅಂದಮೇಲೆ ಇರುತ್ತವೆ ಬಿಡಿ. ಎಲ್ಲರ ಮುಖದಲ್ಲೂ ಎಂಥ ಕಳೆ ಅಂತೀರಿ. ಕುಡಿತ ಬಿಟ್ಟವರು ಹೀಗಾಗುತ್ತಾರಾ ಎಂದು ನನ್ನ ಹೊಟ್ಟೆ ತಣ್ಣಗಾಯಿತು.

ದಪ್ಪ ಕನ್ನಡಕದ ಅಜ್ಜಿಯೊಬ್ಬರು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. "ಹೊಸಬರಾ? ಬನ್ನಿ. ಯಾವಾಗಿನಿಂದ ಅಭ್ಯಾಸ?"

"ಮದುವೆಗೆ ಮುಂಚಿನಿಂದ," ಎಂದ ತಮ್ಮ.

"ಪರವಾಗಿಲ್ವೇ. ಮನೆ ಒಳಗೋ, ಹೊರಗೋ?"

"ಮೊದಲು ಹೊರಗೆ. ಈಗೀಗ ಒಳಗೂ."

"ಜಾಗ ಇಲ್ದೋರು ಬಚ್ಚಲ ಕಿಟಕೀಲೂ ಇಟ್ಕೋತಾರೆ."

"ನಾನೂ ಅಲ್ಲೇ ಇಟ್ಕೊಂಡಿರೋದು," ಎಂದು ತಲೆ ತಗ್ಗಿಸಿದ. ಇದು ನನಗೆ ಹೊಸ ಸುದ್ದಿ. ಆ ಬಚ್ಚಲನ್ನು ದಿನಾ ಉಜ್ಜುವವಳು ನಾನು.

"ನೀರು ಎಷ್ಟು ಹಾಕ್ತೀರಿ?"

"ನೀರೇ ಹಾಕಲ್ಲ."

ಅಜ್ಜಿ ಎದೆಯ ಮೇಲೆ ಕೈ ಇಟ್ಟುಕೊಂಡರು. "ನೀರೇ ಹಾಕದಿದ್ರೆ ಸತ್ತೋಗಲ್ವಾ?"

ತಮ್ಮ ಎದ್ದು ನಿಂತ. ಓಡಿಯೇಬಿಡುತ್ತಾನೆ ಎಂದು ನಾನು ಅಂಗಿಯ ತುದಿ ಹಿಡಿದುಕೊಂಡೆ.

"ಅದಕ್ಕೇ ಬಂದೆ ಅಮ್ಮ. ನಾನು ಕುಡುಕ. ನಂಗೆ ಸಾಯೋದಕ್ಕೆ ಇಷ್ಟ ಇಲ್ಲ."

ಕುಡುಕ ಅನ್ನುವ ಮಾತನ್ನು ನಾನು ಅವನಿಗೆ ಸಾವಿರ ಸಲ ಅಂದಿದ್ದೇನೆ. ಅವನು ತನಗೆ ತಾನೇ ಅಂದುಕೊಂಡದ್ದು ಅದೇ ಮೊದಲು. ನನ್ನ ಕಣ್ಣು ತುಂಬಿಬಂತು.

ಅಜ್ಜಿ ಮೆಲ್ಲಗೆ ಕರಿಹಲಗೆಯ ಕಡೆ ಕೈ ತೋರಿಸಿದರು. ಅಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ಬಳ್ಳಿ ಬೇಗ ಕುಡಿ ಬಿಡಲು ಏನು ಮಾಡಬೇಕು?

"ನಾವು ಗಿಡ ಬೆಳೆಸೋರು ಕಣಪ್ಪ," ಎಂದರು. "ನೀನು ಹುಡುಕ್ತಿರೋದು ಕೆಳಗಿನ ಕೋಣೆ."

ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಆ ಕಾವಲುಗಾರನನ್ನು ಹುರಿದು ಮುಕ್ಕಬೇಕು ಅನ್ನಿಸಿತು. ಇದ್ದದ್ದೇ ಒಂದು ಬಾಗಿಲು, ಅದೂ ಹೂಕುಂಡಗಳ ಪಾಲಾಯಿತಲ್ಲ. ಮುಖ ಮುಚ್ಚಿಕೊಂಡ ತಮ್ಮನ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾನೆ ಎಂದು ಕೈ ಸರಿಸಿ ನೋಡಿದರೆ, ನಗುತ್ತಿದ್ದಾನೆ ಭೂಪ.

"ಅಕ್ಕ, ನೀರೇ ಹಾಕಲ್ಲ ಅಂದ್ನಲ್ಲ," ಎಂದು ಹೊಟ್ಟೆ ಹಿಡಿದುಕೊಂಡ. ಅವನು ನಕ್ಕು ಎಷ್ಟು ಕಾಲವಾಗಿತ್ತೋ. ಅಜ್ಜಿ ನಕ್ಕರು, ಕೋಣೆಗೆ ಕೋಣೆಯೇ ನಕ್ಕಿತು. ನಾನು ಅಳುತ್ತಾ ನಕ್ಕೆ.

"ಕೆಳಗೆ ಹೋಗು ಮಗ," ಎಂದರು ಅಜ್ಜಿ ಕಣ್ಣೊರೆಸಿಕೊಂಡು. "ನಮ್ಮ ಯಜಮಾನ್ರೂ ಅಲ್ಲೇ ಇದಾರೆ. ಅವರು ಕುಡಿಯೋದು ಬಿಟ್ಟ ಮೇಲೇ ನಾನು ಗಿಡ ಹಿಡಿದಿದ್ದು. ಅಲ್ಲೀತನಕ ಅವರನ್ನ ಹಿಡಿಯೋದ್ರಲ್ಲೇ ಹೊತ್ತು ಹೋಗ್ತಿತ್ತು."

ಕೆಳಗಿನ ಬಾಗಿಲು ಅರ್ಧ ತೆರೆದಿತ್ತು. ತಮ್ಮ ನಿಂತ. ತಳ್ಳಬೇಕೆಂದು ನನ್ನ ಕೈ ತುರಿಸುತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ಸುಮ್ಮನಿದ್ದೆ.

"ಒಂದೇ ಬಾಗಿಲು ಅಂದಿದ್ದೆ," ಎಂದ.

"ಹೂಂ."

"ಹೇಳೋದನ್ನ ಮೇಲೇ ಹೇಳಿಯಾಯ್ತು. ಇನ್ನೇನು ಹೆದರೋದು." ಬಾಗಿಲಿಗೆ ಕೈ ಹಾಕಿದವನು ತಿರುಗಿದ. "ಅಕ್ಕ, ಬಚ್ಚಲ ಕಿಟಕಿ ಹಲಗೆ ಹಿಂದೆ ಒಂದು ಬಾಟಲಿ ಇದೆ. ಮನೆಗೆ ಹೋಗಿದ್ದೇ ಚೆಲ್ಲಿಬಿಡು. ನಾನು ಕೇಳಿದ್ರೂ ಕೊಡಬೇಡ." ಹೇಳಿ ಒಳಗೆ ಹೋದ.

ನಾನು ಮೇಲೆ ಬಂದು ಗಿಡ್ಡ ಬೆಂಚಿನಲ್ಲಿ ಕುಳಿತೆ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಗಂಡಸರ ನಗು ಕಟ್ಟಡ ಹಾರಿಹೋಗುವಷ್ಟು ಜೋರಾಗಿ ಕೇಳಿಸಿತು. ನನ್ನ ತಮ್ಮ ಎಲ್ಲಿಂದ ಶುರುಮಾಡಿದ ಎಂದು ನನಗೆ ಗೊತ್ತು.

ಅಜ್ಜಿ ಒಂದು ಚಿಕ್ಕ ಕುಂಡವನ್ನು ನನ್ನ ಮಡಿಲಲ್ಲಿಟ್ಟರು. ಬಳ್ಳಿ ಆಗಷ್ಟೇ ಕುಡಿ ಬಿಟ್ಟಿತ್ತು.

"ಮನೇಲಿ ಇಡೋಕೆ ಜಾಗ ಇದ್ಯೇನಮ್ಮ?"

"ಇದೆ," ಎಂದೆ. "ಬಚ್ಚಲ ಕಿಟಕಿ ಇವತ್ತಿಂದ ಖಾಲಿ."