ಇಸ್ತ್ರಿಗೆ ಮಣಿಯದ ನೆರಿಗೆ

ಬೀದಿಯವರೆಲ್ಲ ಅವನನ್ನು ಇಸ್ತ್ರಿಯಣ್ಣ ಎಂದೇ ಕರೆಯುತ್ತಿದ್ದರು. ಬಟ್ಟೆಯಲ್ಲಿ ಸುಕ್ಕು ಕಂಡರೆ ಸಾಕು, ಅವನಿಗೆ ಮೈಯೆಲ್ಲ ಉರಿ. ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತನ ಕಾಲರನ್ನೂ ಅಂಗೈಯಿಂದ ಒತ್ತಿ ಸರಿಮಾಡಲು ಹೋಗಿ ಬೈಸಿಕೊಂಡ ಭೂಪ. ಇಂಥವನ ಹೆಂಡತಿಗೆ ಬೇರೆ ಯಾವ ಹುಚ್ಚೂ ಹಿಡಿಯದೆ, ಬಟ್ಟೆಯನ್ನು ಬೇಕೆಂದೇ ಸುಕ್ಕುಗಟ್ಟಿಸುವ ಸ್ಮಾಕಿಂಗ್ ಕಸೂತಿಯ ಹುಚ್ಚೇ ಹಿಡಿಯಬೇಕೆ! ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು.

ದಪ್ಪ ಹತ್ತಿ ಬಟ್ಟೆಯ ಹಿಂಬದಿಗೆ ಅವಳು ಸಾಲಾಗಿ ಚುಕ್ಕೆ ಇಡುವಳು. ಒಂದು ಚುಕ್ಕೆಯನ್ನೂ ಅದರ ಓರೆಗಿರುವ ಇನ್ನೊಂದನ್ನೂ ಸೂಜಿಯಲ್ಲಿ ಹಿಡಿದು, ದಾರ ಜಗ್ಗಿ ಗಂಟು ಹಾಕುವಳು. ಹಾಗೆ ಗಂಟಿನ ಮೇಲೆ ಗಂಟು ಬಿದ್ದಂತೆ ಮುಂಬದಿಯಲ್ಲಿ ನೆರಿಗೆಗಳು ಜಡೆ ಹೆಣೆದ ಹಾಗೆ ಉಬ್ಬಿ ನಿಲ್ಲುತ್ತಿದ್ದವು. ಅವಳ ಮೊದಲ ನಾಲ್ಕು ದಿಂಬಿನ ಕವರುಗಳನ್ನು ನೋಡಿ ಇಸ್ತ್ರಿಯಣ್ಣ ಅಂದದ್ದು ಒಂದೇ ಮಾತು: "ಒಗೆದು ಹಿಂಡಿ ಹಾಗೇ ಬಿಸಾಕಿದ್ರೂ ಹೀಗೇ ಆಗುತ್ತಲ್ಲೇ!"

ಅಂದಿನಿಂದ ಅವಳು ಅವನ ಜೊತೆ ಮಾತು ಬಿಟ್ಟಳು. ಹೇಳಬೇಕಾದದ್ದನ್ನೆಲ್ಲ ಇಸ್ತ್ರಿಪೆಟ್ಟಿಗೆಗೆ ಹೇಳತೊಡಗಿದಳು. "ಪೆಟ್ಟಿಗೆ, ಊಟ ಆರ್ತಾ ಇದೆ." "ಪೆಟ್ಟಿಗೆ, ಬಾಗಿಲು ಹಾಕ್ಕೊ." ಹೆಂಡತಿಯ ಬೈಗುಳವಿಲ್ಲದೆ ಉಂಡದ್ದು ಇಸ್ತ್ರಿಯಣ್ಣನ ಮೈಗೆ ಹತ್ತುತ್ತಿರಲಿಲ್ಲ. ಹೇಗಾದರೂ ಅವಳನ್ನು ಮಾತಾಡಿಸಬೇಕಿತ್ತು.

ಹೀಗಿರುವಾಗ ಒಂದು ಸಂಜೆ, ಕವರುಗಳನ್ನು ಒಯ್ಯಲು ಅವಳ ಅಕ್ಕ ಬರುವವಳಿದ್ದಳು. ಹೊಲಿಗೆ ಟೀಚರು, ತಂಗಿಯ ಕೈಕೆಲಸವನ್ನು ಒಮ್ಮೆಯೂ ಮೆಚ್ಚಿದವಳಲ್ಲ. ಹೆಂಡತಿ ದಿಂಬು ತರಲು ಅಂಗಡಿಗೆ ಹೋದದ್ದೇ ತಡ, ಇಸ್ತ್ರಿಯಣ್ಣ ತನಗೆ ಗೊತ್ತಿದ್ದ ರೀತಿಯಲ್ಲಿ ಪ್ರೀತಿ ತೋರಿಸಿದ. ನೀರು ಚಿಮುಕಿಸಿ, ಹಲ್ಲು ಕಚ್ಚಿ, ನಾಲ್ಕೂ ಕವರುಗಳನ್ನು ಚಪ್ಪಟೆಯಾಗುವಂತೆ ಒತ್ತಿದ. ನೆರಿಗೆಗಳೆಲ್ಲ ಮಲಗಿಬಿಟ್ಟವು. "ಆಹಾ!" ಅಂದ ಪುಣ್ಯಾತ್ಮ.

ಹಿಂದಿರುಗಿದವಳು ಕೂಗಾಡಲಿಲ್ಲ. "ಪೆಟ್ಟಿಗೆ, ಅಕ್ಕ ಬರೋಷ್ಟರಲ್ಲಿ ಇದು ಮೊದಲಿನ ಹಾಗೆ ಆಗದಿದ್ರೆ, ನಾನು ಅವಳ ಜೊತೆನೇ ಹೊರಟೆ" ಅಂದಳು. ಕಣ್ಣು ತುಂಬಿತ್ತು. ಇಸ್ತ್ರಿಯಣ್ಣ ಓಡಿಹೋಗಿ ಒಲೆ ಹಚ್ಚಿದ.

ಒಲೆಯ ಮೇಲೆ ನೀರು ಕುದಿಯಿತು. ಅವಳು ಕವರನ್ನು ಆವಿಗೆ ಹಿಡಿದಳು. ಅವನು ಚಮಚದ ಹಿಡಿಯಿಂದ ಒಂದೊಂದೇ ನೆರಿಗೆಯನ್ನು ಎಬ್ಬಿಸತೊಡಗಿದ. ಜೀವಮಾನವೆಲ್ಲ ಸುಕ್ಕುಗಳನ್ನು ಅಟ್ಟಿಸಿಕೊಂಡು ಹೋಗಿ ಕೊಂದವನು ಈಗ, "ಏಳಪ್ಪಾ, ಏಳು ಬಂಗಾರ, ನನ್ನ ಮಾನ ಉಳಿಸು" ಎಂದು ಅವುಗಳನ್ನೇ ಗೋಗರೆದ. ಹಿಂಬದಿಯ ಗಂಟುಗಳನ್ನು ಅವನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಅಷ್ಟು ಒತ್ತಿದ್ದರೂ ಒಂದೂ ಸಡಿಲವಾಗಿರಲಿಲ್ಲ. ನೆರಿಗೆಗಳು ಒಂದೊಂದಾಗಿ ತಲೆಯೆತ್ತಿದಾಗ ಅವನಿಗೆ ತಾನಾಡಿದ ಮಾತು ನೆನಪಾಗಿ ನಾಚಿಕೆಯಾಯಿತು.

ದಿಂಬುಗಳಿಗೆ ಕವರು ತೊಡಿಸುವ ಹೊತ್ತಿಗೆ ಅಕ್ಕ ಬಂದೇಬಿಟ್ಟಳು. ಒಂದನ್ನು ಎತ್ತಿ ಅಮುಕಿದಳು. "ಇದ್ಯಾಕೇ ಒದ್ದೆ? ಗಂಟಾದ್ರೂ ಗಟ್ಟಿ ಇದೆಯೋ, ಒಂದು ಒಗೆತಕ್ಕೇ ಬಿಚ್ಕೊಳುತ್ತೋ?"

ಹೆಂಡತಿ ತಲೆ ತಗ್ಗಿಸಿದಳು. ಇಸ್ತ್ರಿಯಣ್ಣನಿಗೆ ಎಲ್ಲಿತ್ತೋ ಸಿಟ್ಟು. "ಬಿಚ್ಕೊಳುತ್ತಾ? ಅತ್ತಿಗೆ, ಕಾದ ಪೆಟ್ಟಿಗೆ ಇಟ್ಟು, ಮೈಭಾರವೆಲ್ಲ ಹಾಕಿ ಒತ್ತಿದ್ದೀನಿ ನಾನು! ನನ್ನ ಕೈಗೆ ಸಿಕ್ಕಿ ಬದುಕಿದ ಸುಕ್ಕೇ ಇಲ್ಲ. ಇವಳು ಹಾಕಿದ್ದು ಮಾತ್ರ ಎದ್ದು ಕೂತಿದೆ. ಸೋತೆ ಕಣ್ರೀ, ಇವಳ ಕೈಗೆ ನಾನು ಸೋತೆ!"

"ಇದಕ್ಕೆ ಯಾರಾದ್ರೂ ಇಸ್ತ್ರಿ ಹಾಕ್ತಾರೇನ್ರೀ?" ಅಂದಳು ಅಕ್ಕ.

"ಬುದ್ಧಿ ಇರೋರು ಹಾಕಲ್ಲ," ಅಂದ.

ಅಕ್ಕ ಕವರನ್ನು ಮಗುಚಿ, ಉಗುರಿನಿಂದ ಗಂಟೊಂದನ್ನು ಕೆದಕಿದಳು. ಅದು ಜಪ್ಪಯ್ಯ ಅನ್ನಲಿಲ್ಲ. "ಪರವಾಗಿಲ್ಲ, ಗಟ್ಟಿಯಾಗೇ ಹಾಕಿದೀಯ" ಎಂದಳು.

ಆದರೆ ತಂಗಿಯ ಗಮನ ಅಕ್ಕನ ಕಡೆಗಿರಲಿಲ್ಲ. ಆವಿಗೆ ಮುಖವೆಲ್ಲ ಬೆವೆತು, ಚಮಚವನ್ನು ಕತ್ತಿಯ ಹಾಗೆ ಎತ್ತಿ ಹಿಡಿದು ನಿಂತಿದ್ದ ಗಂಡನನ್ನೇ ಅವಳು ನೋಡುತ್ತಿದ್ದಳು.

"ರೀ, ಸಾಕು ಆ ಕುಣಿತ. ಮೊದಲು ಚಮಚ ಕೆಳಗಿಡಿ" ಅಂದಳು.

ಇಸ್ತ್ರಿಯಣ್ಣ ಇಡಲಿಲ್ಲ. "ಇನ್ನೊಂದ್ಸಲ ಬೈಯೇ" ಅಂದ.