ಅವನು ಕಲಕಿಟ್ಟ ನೀರು

"ಬುಡದಲ್ಲಿ ಮಣ್ಣು ಪಿಚಪಿಚ ಅಂತಿದೆ. ಎಲೆ ನೋಡಿದ್ರೆ ನೀರೇ ಕಾಣದ ಹಾಗೆ ಜೋತುಬಿದ್ದಿದೆ. ಏನೇ ಇದು?"

ಅಕ್ಕ ಹಸಿರುಮನೆಯ ಗುಲಾಬಿ ಸಾಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಕೆಳಗಿನ ಹಳೆಯ ಎಲೆಯೊಂದನ್ನು ತಿರುಗಿಸಿದಳು. ಅಂಚೆಲ್ಲ ಸುಟ್ಟಂತೆ ಕಂದಿತ್ತು. ಎಲೆ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಇಂಥವನ್ನು ಬೇಕಾದಷ್ಟು ನೋಡಿದ್ದಳು.

"ಸಾಲದೇನೋ ಅಂತ ದಿನಾ ಜಾಸ್ತಿ ನೀರು ಬಿಡ್ತಿದೀನಿ," ಎಂದಳು ತಂಗಿ.

"ನೀರಿನ ತಾಪತ್ರಯ ಅಲ್ಲ ಕಣೇ, ಪೊಟ್ಯಾಶ್ ಇಲ್ಲ. ಅದಿಲ್ದೆ ಬೇರು ಸರಿಯಾಗಿ ನೀರೆಳೆಯಲ್ಲ. ಎಲೆಗೆ ತನ್ನ ಸಣ್ಣ ರಂಧ್ರಗಳ ಬಾಯಿ ಮುಚ್ಚೋಕಾಗದೆ ಇದ್ದದ್ದೂ ಆರಿ ಹೋಗುತ್ತೆ. ನೀನು ಹಾಕೋ ಬೇರೆ ಗೊಬ್ಬರಾನೂ ಮೇಲೆ ಹತ್ತಲ್ಲ. ಪೊಟ್ಯಾಶ್ ಕಲಸೋ ಡ್ರಮ್ ಎಲ್ಲಿ?"

ತಂಗಿ ಮೂಲೆಯ ನೀಲಿ ಡ್ರಮ್ಮಿನ ಕಡೆ ನೋಡಿದಳು. ಗಂಡ ಅದರಲ್ಲಿ ಪೊಟ್ಯಾಶ್ ನೀರು ಕಲಕಿ, ಮುಚ್ಚಳ ಹಾಕಿ, ಅದರ ಪಕ್ಕದಲ್ಲೇ ಕುಸಿದು ಪ್ರಾಣ ಬಿಟ್ಟಿದ್ದ. ಆಮೇಲೆ ಅವಳು ಅದರ ನಲ್ಲಿ ತಿರುಗಿಸಿಲ್ಲ. ಇನ್ನೊಂದು ಡ್ರಮ್ಮಿನ ಗೊಬ್ಬರ ಮಾತ್ರ ಬಿಡುತ್ತಿದ್ದಳು. ಬೆಳಗ್ಗೆ ಬಾಗಿಲು ತೆಗೆದರೆ ನೀಲಿ ಡ್ರಮ್ಮಿನೊಳಗೆ ಕೋಲು ತಿರುಗುವ ಸದ್ದು. ಹತ್ತಿರ ಹೋದರೆ ಇಲ್ಲ. ಹುಚ್ಚು ಅಂದರೆ ಅನ್ನಿ. ಅವಳಿಗೆ ಆ ಸದ್ದಿನ ಹೆದರಿಕೆಯಿರಲಿಲ್ಲ. ಅದು ನಿಂತುಹೋದರೆ ಎಂಬ ಹೆದರಿಕೆಯಿತ್ತು.

"ಅವರ ಕೈಯಲ್ಲಿ ಕೊನೇದಾಗಿ ಆದದ್ದು ಅದು," ಎಂದಳು. "ಖಾಲಿ ಮಾಡೋಕೆ ಮನಸ್ಸು ಬರಲ್ಲ ಅಕ್ಕಾ. ಹೊಸ ಚೀಲ ತರಿಸ್ತೀನಿ."

"ಚೀಲ ಬರೋಕೆ ವಾರ ಹಿಡಿಯುತ್ತೆ. ಇವು ಅಲ್ಲಿವರೆಗೆ ಉಳಿಯಲ್ಲ."

ಅಕ್ಕನದು ಯಾವಾಗಲೂ ಕಡ್ಡಿ ಮುರಿದಂಥ ಮಾತು. ಆದರೆ ಹೇಳಿದ್ದು ಸುಳ್ಳಲ್ಲ. ಈ ಸಾಲು ಬೇರೆಲ್ಲೂ ಇರಲಿಲ್ಲ. ಎರಡು ಜಾತಿ ಕೂಡಿಸಿ, ಬೀಜದಿಂದ ಅವನೇ ಎಬ್ಬಿಸಿದ ಗಿಡಗಳು. ಇನ್ನೂ ಒಂದು ಮೊಗ್ಗೂ ಬಿಟ್ಟಿಲ್ಲ. ಯಾವ ಬಣ್ಣ ಬರುತ್ತದೆಂದು ಕೇಳಿದರೆ, "ನಂಗೇನು ಗೊತ್ತು, ಹೂವನ್ನೇ ಕೇಳು," ಅಂತ ನಗುತ್ತಿದ್ದ.

ತಂಗಿ ಜೋತುಬಿದ್ದ ಚಿಗುರೊಂದನ್ನು ಬೆರಳಿನಿಂದ ಎತ್ತಿ ಹಿಡಿದಳು; ಬಿಟ್ಟೊಡನೆ ಮತ್ತೆ ಬಾಗಿತು. ಆಮೇಲೆ ಹೋಗಿ ನಲ್ಲಿ ತಿರುಗಿಸಿದಳು. ಬಿಗಿದುಕೊಂಡಿತ್ತು, ಅಕ್ಕನೂ ಕೈ ಹಾಕಬೇಕಾಯಿತು. ಪೈಪು ಒಮ್ಮೆ ಕೆಮ್ಮಿತು, ಆಮೇಲೆ ಗಿಡದಿಂದ ಗಿಡಕ್ಕೆ ಹನಿ ಬೀಳತೊಡಗಿತು. ಒಂದೇ ಸಲಕ್ಕೆ ಎಲ್ಲವೂ ಬೇಡವೆಂದು ಅಕ್ಕ ದಿನದ ಪಾಲು ಹೇಳಿಕೊಟ್ಟಳು. ಮುಂದಿನ ದಿನಗಳಲ್ಲಿ ಒಳಗಿನ ನೀರು ಇಳಿಯುತ್ತ ಬಂತು. ಮಧ್ಯಾಹ್ನದ ಬಿಸಿಲಿಗೂ ಚಿಗುರು ತಲೆ ಎತ್ತಿಯೇ ಇರತೊಡಗಿತು.

ಕೊನೆಯ ದಿನ ಪೈಪಿನಲ್ಲಿ ಬರೀ ಗಾಳಿ ಬಂತು.

"ಮುಗೀತು, ನಲ್ಲಿ ಮುಚ್ಚು," ಎಂದಳು ಅಕ್ಕ.

"ತಳದಲ್ಲಿ ಇನ್ನೂ ಸ್ವಲ್ಪ ಇದೆ," ಎಂದಳು ತಂಗಿ. ಮಂಡಿಯೂರಿ, ಕೆನ್ನೆಯನ್ನು ಡ್ರಮ್ಮಿಗೊತ್ತಿ, ಎರಡೂ ತೋಳಿನಿಂದ ಅದನ್ನು ತಬ್ಬಿಕೊಂಡು ಮೆಲ್ಲಗೆ ನಲ್ಲಿಯ ಕಡೆಗೆ ಬಾಗಿಸಿದಳು.